ಬಿಸಿಲಿಗೆ ಹರವಿದ ನುಚ್ಚು

"ಯಾರೂ ವಿಷ ಹಾಕಿಲ್ಲ ಮೇಡಂ," ಎಂದರು ಡಾಕ್ಟರ್ ಮನೋಹರ್. "ಆದ್ರೆ ಆ ನಾಯಿಗಳು ಸತ್ತಿರೋದು ವಿಷದಿಂದಲೇ."

ದಾಬಸ್‌ಪೇಟೆಯ ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೆಬ್ಬಾಳದ ಪ್ರಯೋಗಾಲಯದಿಂದ ಅವರಿಗೆ ಆಗಷ್ಟೇ ಫೋನ್ ಬಂದಿತ್ತು. ಹೊರಗೆ ಇಂಜೆಕ್ಷನ್ನಿಗೆ ಕಾಯುತ್ತಿದ್ದ ಹಸುವೊಂದು ಬಿಡದೆ ಅರಚುತ್ತಿತ್ತು.

"ಒಗಟು ಬಿಡಿಸೋಕೆ ನನಗೆ ಟೈಮಿಲ್ಲ ಡಾಕ್ಟ್ರೇ," ಎಂದೆ. "ಸಂಜೆಯೊಳಗೆ ಆ ಹೆಂಗಸಿನ ಮೇಲೆ ಪೊಲೀಸ್ ಕಂಪ್ಲೇಂಟ್ ಆಗುತ್ತೆ."

ಹಿಂದಿನ ಕಥೆ ಇಷ್ಟೇ: ಸೋಂಪುರ ರಸ್ತೆಯ ಲೇಔಟಿನಲ್ಲಿ ಒಂದೇ ತಿಂಗಳಲ್ಲಿ ಐದು ಬೀದಿನಾಯಿಗಳೂ ಒಂದು ಸಾಕುನಾಯಿಯೂ ಸತ್ತವು, ಬೀದಿನಾಯಿಗಳಿಗೆ ದಿನಾ ಊಟ ಹಾಕುವ ಮುನಿರತ್ನಮ್ಮನೇ ವಿಷ ಇಟ್ಟವಳೆಂದು ಸಾಬೀತು ಮಾಡಿಕೊಡಿ ಎಂದು ಸಾಕುನಾಯಿಯ ಒಡತಿ, ಲೇಔಟ್ ಸಂಘದ ಅಧ್ಯಕ್ಷೆ ಶಶಿರೇಖಾ ನನ್ನನ್ನು ಗೊತ್ತು ಮಾಡಿದ್ದಾರೆ.

ನಾನು ಸಂಘಮಿತ್ರ. ಪೊಲೀಸ್ ಕೆಲಸ ಬಿಟ್ಟ ಮೇಲೆ ದಾಬಸ್‌ಪೇಟೆ ಜಂಕ್ಷನ್ನಿನ ಬೇಕರಿಯ ಮೇಲಿನ ಕೋಣೆಗೆ ಪತ್ತೇದಾರಿ ಕಚೇರಿ ಎಂದು ಬೋರ್ಡು ಹಾಕಿಕೊಂಡಿದ್ದೇನೆ. ಬರುವ ಕೆಲಸವೆಲ್ಲ ಹೆಚ್ಚುಕಮ್ಮಿ ಒಂದೇ, ಮದುವೆ ಗಂಡುಗಳ ಹಿನ್ನೆಲೆ ವಿಚಾರಿಸುವುದು. ನನಗೆ ಮದುವೆಯಾಗಿಲ್ಲ. ಅಷ್ಟೊಂದು ಗಂಡುಗಳ ಹಿನ್ನೆಲೆ ಗೊತ್ತಾದ ಮೇಲೆ ಆಗುವುದು ಕಷ್ಟ.

"ಬೂಷ್ಟು," ಎಂದರು ಮನೋಹರ್. "ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ಇಂಥವು ಒದ್ದೆಯಾಗಿ ಬೂಷ್ಟು ಹಿಡಿದ್ರೆ ಒಳಗೆ ಒಂದು ವಿಷ ಹುಟ್ಟುತ್ತೆ. ಅಫ್ಲಾಟಾಕ್ಸಿನ್ ಅಂತಾರೆ. ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದ್ರೂ ಸಾಕು, ಲಿವರ್ ಮುಗೀತು. ನಾಯಿಗಳಿಗಂತೂ ಅದು ಬೇಗ ತಾಗುತ್ತೆ."

"ಇಲಿ ಪಾಷಾಣ ಅಲ್ವಾ?"

"ಪಾಷಾಣ ತಿಂದಿದ್ರೆ ಅವತ್ತೋ ಮಾರನೇ ದಿನವೋ ಬೀಳ್ತಿದ್ವು. ಇವು ವಾರಗಟ್ಟಲೆ ಊಟ ಬಿಟ್ಟು, ವಾಂತಿ ಮಾಡ್ಕೊಂಡು, ವಸಡೆಲ್ಲ ಹಳದಿಯಾಗಿ ಸತ್ತಿವೆ. ಇಲಿ ಪಾಷಾಣದ ಮಾತೇ ಬೇಡ."

ಅಲ್ಲಿಗೆ ಲೇಔಟಿನ ಹಿಂದೆ ಕುರಿ ಸಾಕುವ ಅಪ್ಪಯ್ಯಣ್ಣ ನನ್ನ ಅನುಮಾನದಿಂದ ಬಿಡುಗಡೆಯಾದ. ಅವನ ಕುರಿಮರಿಯನ್ನು ನಾಯಿಗಳು ಕಚ್ಚಿದ್ದವು. ಬಾಡಿನಲ್ಲಿ ಔಷಧಿ ಬೆರೆಸಿ ಎಲ್ಲವನ್ನೂ ಮಲಗಿಸುತ್ತೇನೆ ಎಂದು ಅವನು ಟೀ ಅಂಗಡಿಯಲ್ಲಿ ಕೂಗಾಡಿದ್ದನ್ನು ಅರ್ಧ ಊರು ಕೇಳಿತ್ತು. ಕೂಗಾಡಿದ್ದಷ್ಟೇ, ಪಾಪ. ಬಾಡು ಸಿಕ್ಕರೆ ನಾಯಿಗೆ ಹಾಕುವಷ್ಟು ಧಾರಾಳಿ ಅವನಲ್ಲ.

"ಬ್ಯಾಗಿನಲ್ಲಿ ಬರೋ ನಾಯಿ ಊಟದಿಂದ ಆಗಿರಬಹುದಾ?" ಎಂದು ಕೇಳಿದೆ.

"ಆಗಬಹುದು. ಅದರಲ್ಲೂ ಜೋಳ ಇರುತ್ತೆ. ಹೊರದೇಶಗಳಲ್ಲಿ ಇದೇ ಕಾರಣಕ್ಕೆ ಕಂಪನಿಗಳು ಬ್ಯಾಗ್ ಬ್ಯಾಗೇ ವಾಪಸ್ ತಗೊಂಡಿದ್ದುಂಟು. ನಮ್ಮಲ್ಲಿ ನಾಯಿ ಏನು ತಿಂತು ಅಂತ ಕೇಳೋರು ಎಷ್ಟು ಜನ ಇದ್ದಾರೆ ಹೇಳಿ." ಅವರು ಕೈ ತೊಳೆಯಲು ಎದ್ದರು. "ಆದ್ರೆ ಬ್ರೂನೋಗೆ ಹಾಕ್ತಿದ್ದ ಬ್ಯಾಗನ್ನೂ ಕಳಿಸಿದ್ದೆ. ಅದು ಚೆನ್ನಾಗಿದೆಯಂತೆ. ಬೀದಿನಾಯಿಗಳಿಗೆ ಆ ದುಬಾರಿ ಬ್ಯಾಗ್ ಎಲ್ಲಿಂದ ಬರಬೇಕು?"

ನನಗೂ ಅದೇ ಪ್ರಶ್ನೆ. ಶಶಿರೇಖಾ ಅವರ ಲ್ಯಾಬ್ರಡಾರ್ ಬ್ರೂನೋ ಮಾರ್ಬಲ್ ನೆಲದ ಮೇಲೆ ಬೆಳೆದವನು. ಮಣ್ಣಿನಲ್ಲಿ ಹೊರಳುವ ಆ ಐದು ಬೀದಿನಾಯಿಗಳ ಜೊತೆ ಅವನು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಎಲ್ಲಿ?

"ಅದನ್ನ ಹುಡುಕೋದು ನಿಮ್ಮ ಕೆಲಸ," ಎಂದು ಮನೋಹರ್ ಹಸುವಿನ ಕಡೆ ನಡೆದರು.

ಸ್ಕೂಟರ್ ಹತ್ತಿದೆ. ಸಂಕ್ರಾಂತಿ ಕಳೆದ ಮೇಲಿನ ಬಿಸಿಲು ನೆತ್ತಿ ಸುಡುತ್ತಿತ್ತು. ಫ್ಲೈಓವರ್ ಕೆಳಗೆ ಲಾರಿಗಳ ಸಾಲು, ಅವುಗಳ ನಡುವೆ ಪಾಳಿ ಮುಗಿಸಿ ಬರುವ ಫ್ಯಾಕ್ಟರಿ ಬಸ್ಸುಗಳು. ಇಷ್ಟು ಜನ ಓಡಾಡುವ ಜಾಗದಲ್ಲಿ ಬದುಕಿಯೂ ದಿನವಿಡೀ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಸಿಗದ ದಿನಗಳಿವೆ. ಕೆಲಸವಿದ್ದ ದಿನ ಅದು ನೆನಪಾಗುವುದಿಲ್ಲ. ಅವತ್ತು ಯಾಕೋ ಆಯಿತು.

ಲೇಔಟಿನ ಗೇಟಿನಲ್ಲೇ ಸಂಘದ ಬೋರ್ಡು ನಿಂತಿದೆ. ಸಾಕುನಾಯಿಯನ್ನು ಪಂಚಾಯಿತಿಯಲ್ಲಿ ನೋಂದಾಯಿಸಬೇಕು, ಹುಚ್ಚುನಾಯಿ ಲಸಿಕೆ ಹಾಕಿಸಬೇಕು, ಚೈನ್ ಇಲ್ಲದೆ ಬೀದಿಗೆ ಬಿಡಬಾರದು, ಹೇಸಿಗೆ ಮಾಡಿದರೆ ಒಡೆಯರೇ ತೆಗೆಯಬೇಕು. ಕೆಳಗೆ ಅಧ್ಯಕ್ಷೆ ಶಶಿರೇಖಾ ಅವರ ಹೆಸರು.

ಬೀದಿನಾಯಿಗಳನ್ನು ಹಿಡಿಸಿ ದೂರ ಬಿಡಿಸಬೇಕೆಂದು ಆಕೆ ಪಂಚಾಯಿತಿಗೆ ಹೋದದ್ದೂ ಉಂಟು. ಪಿಡಿಒ ಭಾನುಪ್ರಕಾಶ್ ಸಮಾಧಾನದ ಮನುಷ್ಯ. ಹಾಗೆಲ್ಲ ಸಾಗಿಸಲು ಕಾನೂನು ಬಿಡುವುದಿಲ್ಲ, ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸಿ ಹಿಡಿದ ಜಾಗಕ್ಕೇ ಬಿಡಬೇಕು, ಊಟ ಹಾಕುವವರಿದ್ದರೆ ಮಕ್ಕಳು ಆಡದ ಕಡೆ ಸಂಘವೇ ಒಂದು ಜಾಗ ತೋರಿಸಬೇಕು ಎಂದು ತಿಳಿಹೇಳಿ ಕಳಿಸಿದ್ದರು. ಹಾಗೆ ತೋರಿಸಿದ್ದೇ ಮೂಲೆಯ ಖಾಲಿ ಸೈಟು. ಊಟ ಹಾಕುವವಳು ಮುನಿರತ್ನಮ್ಮ.

ಶಶಿರೇಖಾ ಬಾಗಿಲು ತೆರೆದರು. ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ಮ್ಯಾನೇಜರ್ ಆಗಿರುವ ಆಕೆ ಅವತ್ತು ರಜೆ ಹಾಕಿದ್ದರು. ಮಗಳು ಸಿಂಚನ ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದಾಳೆ. ಅಷ್ಟು ದೊಡ್ಡ ಮನೆಯಲ್ಲಿ ಆಕೆಯೊಬ್ಬರೇ. ಸೋಫಾದ ಪಕ್ಕದಲ್ಲಿ ಬ್ರೂನೋನ ಹಾಸಿಗೆ ಇನ್ನೂ ಹಾಗೇ ಇತ್ತು, ಅದರ ಮೇಲಿನ ಕೂದಲನ್ನೂ ಯಾರೂ ಗುಡಿಸಿರಲಿಲ್ಲ. ಆ ದುಃಖ ನಾಟಕವಲ್ಲ ಎಂದು ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

"ಸಾಕ್ಷಿ ಸಿಕ್ತಾ ಸಂಘಮಿತ್ರ ಅವ್ರೇ?"

"ಒಂದು ಪ್ರಶ್ನೆ ಇತ್ತು. ಬ್ರೂನೋ ಒಬ್ಬನೇ ಹೊರಗೆ ಹೋಗ್ತಿದ್ನಾ?"

"ಒಂದು ದಿನವೂ ಇಲ್ಲ. ಚೈನ್ ಇಲ್ದೆ ಬಿಡಬಾರ್ದು ಅಂತ ರೂಲ್ ಮಾಡಿದೋಳೇ ನಾನು."

ಉತ್ತರ ಬಲು ಬೇಗ ಬಂತು. ಸಂಬಳ ಎಷ್ಟು ಎಂದು ಕೇಳಿದಾಗ ಕೆಲವು ಗಂಡುಗಳು ಹೀಗೇ ಥಟ್ಟನೆ ಹೇಳುತ್ತಾರೆ.

"ಆ ಹೆಂಗಸಿಗೆ ತಲೆ ನೆಟ್ಟಗಿಲ್ಲ," ಎಂದರು ಶಶಿರೇಖಾ. "ಗಂಡ ಇಲ್ಲ, ಮಕ್ಕಳಿಲ್ಲ. ಒಂಟಿ ಹೆಂಗಸ್ರಿಗೆ ಒಂದೊಂದ್ಸಲ ಹಾಗಾಗುತ್ತೆ. ಅವ್ರು ಏನು ಮಾಡ್ತಾರೋ ಅವ್ರಿಗೇ ಗೊತ್ತಿರಲ್ಲ."

ಆ ಮಾತು ನನ್ನನ್ನು ಚುಚ್ಚಿತು. ಹೇಳುವ ಆಕೆಯೂ ಒಂಟಿ, ಕೇಳುವ ನಾನೂ ಒಂಟಿ. ಆದರೆ ನಾವಿಬ್ಬರೂ ಒಳ್ಳೆ ಚಪ್ಪಲಿ, ಇಸ್ತ್ರಿ ಬಟ್ಟೆ ಹಾಕಿಕೊಂಡ ಒಂಟಿಗಳಾದ್ದರಿಂದ ನಮ್ಮ ತಲೆ ನೆಟ್ಟಗಿದೆ ಎಂದು ಆಕೆಯ ಲೆಕ್ಕವಿರಬೇಕು. ಹೊರಗೆ ಬಂದೆ.

ಪಕ್ಕದ ಮನೆಯ ರೂಪ ಕಾಂಪೌಂಡಿನ ಮೇಲೆ ಬೆಡ್‌ಶೀಟ್ ಒಣಗಿಸುತ್ತಿದ್ದಳು. ಮಾತಿಗೆ ಕಾದಿದ್ದವಳಂತೆ ಅವಳೇ ಕರೆದಳು. ಅವಳ ಪೊಮೆರೇನಿಯನ್ ಕಿಟಕಿಯಲ್ಲಿ ನಿಂತು ನನ್ನನ್ನು ಬೈಯುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

"ನಮ್ಮದು ಹೊಸಲು ದಾಟಲ್ಲ ಮೇಡಂ, ಅದಕ್ಕೆ ಉಳ್ಕೊಂಡಿದೆ," ಎಂದಳು ರೂಪ.

"ಬ್ರೂನೋನೂ ದಾಟ್ತಿರ್ಲಿಲ್ಲವಂತಲ್ಲ?"

ಅವಳು ಶಶಿರೇಖಾ ಅವರ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಯಾರು ಹೇಳಿದ್ದು? ಬೆಳಿಗ್ಗೆ ನಾನು ರಂಗೋಲಿ ಹಾಕೋ ಹೊತ್ತಿಗೆ ದಿನಾ ಗೇಟ್ ತೆಗೆದು ಬಿಟ್ಬಿಡೋರು. ಅವನು ಮೂಲೆ ಸೈಟಿಗೆ ಹೋಗಿ ಎಲ್ಲಾ ಮುಗಿಸ್ಕೊಂಡು ಬರೋನು. ಹೇಸಿಗೆ ತೆಗೆಯೋ ಕೆಲಸ ತಪ್ತಲ್ಲ ಅಂತ ಅವ್ರಿಗೆ. ನಾನ್ಯಾಕೆ ಕೇಳಲಿ, ಅಧ್ಯಕ್ಷರು."

"ಸೈಟಲ್ಲಿ ಏನಾದ್ರೂ ತಿಂತಿದ್ನಾ?"

"ಬರುವಾಗ ಮೂತಿ ತುಂಬ ನುಚ್ಚು ಮೆತ್ಕೊಂಡಿರ್ತಿತ್ತು. ಮುನಿರತ್ನಮ್ಮ ಅದೇ ಹೊತ್ತಿಗೆ ಪಾತ್ರೆ ತರೋದು. ಸಾವಿರಾರು ರೂಪಾಯಿ ಊಟ ಬಿಟ್ಟು ಇದನ್ನ ತಿಂತೀಯಲ್ಲೋ ಅಂತ ನಾನೇ ಅವನಿಗೆ ಹೇಳ್ತಿದ್ದೆ."

ಎಲ್ಲ ನಾಯಿಗಳ ಪಂಕ್ತಿ ಎಲ್ಲಿ ನಡೆಯುತ್ತಿತ್ತೆಂದು ಈಗ ಗೊತ್ತಾಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮುನಿರತ್ನಮ್ಮ ಹಾಕಿದ್ದಲ್ಲ ಎಂದು ತೋರಿಸಿಕೊಡುವ ಆಸೆ, ಅವಳ ಬಗ್ಗೆ ವಿಚಾರಿಸುತ್ತಾ ತಿರುಗಿದ ಈ ಒಂದು ವಾರದಲ್ಲಿ ನನ್ನೊಳಗೆ ಬೆಳೆದಿತ್ತು. ಈಗ ನೋಡಿದರೆ ವಿಷ ಇದ್ದದ್ದು ಅವಳ ಪಾತ್ರೆಯಲ್ಲೇ.

ಲೇಔಟಿನ ಹಿಂದುಗಡೆ ಹಳೇ ಊರು. ರಾಗಿ ಕೊಯ್ದ ಹೊಲದ ಬದುವಿನ ಮೇಲೆ ಸ್ಕೂಟರ್ ತಳ್ಳಿಕೊಂಡು ಹೋದೆ. ಊರಿಗೆ ಕೊನೆಯದು ಮುನಿರತ್ನಮ್ಮನ ಒಂದೇ ಕೋಣೆಯ ಮನೆ. ಮನೆಯ ಮುಂದೆ ಸಾರಿಸಿದ ಅಂಗಳ. ಅಂಗಳದಲ್ಲಿ ಹಳೆಯ ಹಸಿರು ಸೀರೆ ಹಾಸಿ, ಅದರ ಮೇಲೆ ಹಳದಿ ಬಣ್ಣದ ನುಚ್ಚು ಹರವಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಕೈಯಾಡಿಸುತ್ತಿದ್ದಳು.

ಹೊಂಗೆ ಮರದ ನೆರಳಿನಲ್ಲಿ ಗೋಣಿಚೀಲದ ಮೇಲೆ ಕಂದು ಬಣ್ಣದ ಹೆಣ್ಣುನಾಯಿ ಮಲಗಿತ್ತು. ಗೌರಿ. ಆ ಗುಂಪಿನಲ್ಲಿ ಉಳಿದಿರುವುದು ಅದೊಂದೇ. ನನ್ನನ್ನು ನೋಡಿ ಬಾಲ ಆಡಿಸಲು ನೋಡಿತು, ಆಗದೆ ಸುಮ್ಮನಾಯಿತು.

"ಬಾರವ್ವ, ಕೂತ್ಕೋ," ಎಂದಳು ಮುನಿರತ್ನಮ್ಮ. "ಕಾಫಿ ಇಡ್ತೀನಿ. ನಮ್ಮನೆಗೆ ಯಾರು ಬತ್ತಾರೆ. ನಾಯಿ ವಾಸನೆ ಅಂತಾರೆ."

"ಕಾಫಿ ಬೇಡಮ್ಮ. ಇದೇನು ಒಣಗಿಸ್ತಿರೋದು?"

"ಜೋಳದ ನುಚ್ಚು ಕಣವ್ವ. ನೋಡು, ಹೆಂಗೆ ಚಿನ್ನ ಇದ್ದಂಗೆ ಐತೆ." ಅವಳು ಒಂದು ಬೊಗಸೆ ಎತ್ತಿ ತೋರಿಸಿದಳು. ದನಿಯಲ್ಲಿ ಹೆಮ್ಮೆಯಿತ್ತು. "ತಂದಾಗ ನೋಡ್ಬೇಕಿತ್ತು ನೀನು. ಮಳೇಲಿ ನೆಂದು, ಹೆಂಟೆ ಹೆಂಟೆಯಾಗಿ, ಹಸಿರು ಬೂಷ್ಟು ಹಿಡ್ದು ಮುಗ್ಗಲು ವಾಸನೆ. ಬಿಸ್ಲಿಗೆ ಹಾಕ್ದೆ. ಪುಡಿ ಮಾಡಿ ಮೊರದಲ್ಲಿ ಕೇರ್ದೆ. ಬೂಷ್ಟೆಲ್ಲ ಹಾರೋಯ್ತು. ಮೂರು ನೀರಲ್ಲಿ ತೊಳ್ದು ಮತ್ತೆ ಒಣಗಾಕ್ದೆ. ಈಗ ಮೂಸು, ಏನಾದ್ರೂ ವಾಸನೆ ಐತಾ?"

ಮೂಸಿದೆ. ಬಿಸಿಲಿನಲ್ಲಿ ಕಾದ ಧಾನ್ಯದ ಸೊಗಸಾದ ವಾಸನೆ, ಬೇರೇನೂ ಇರಲಿಲ್ಲ.

ನಮ್ಮ ಕಡೆಯ ಹೆಂಗಸರೆಲ್ಲ ಹೀಗೇ. ರಾಗಿ ಮುಗ್ಗಲಿ, ಹುರುಳಿಗೆ ಹುಳ ಬೀಳಲಿ, ಅವರೆಬೇಳೆ ಬೂಷ್ಟು ಹಿಡಿಯಲಿ, ಬಿಸಿಲಿಗೆ ಹರವಿ ಕೇರಿ ತೊಳೆದರೆ ಸರಿಹೋಗುತ್ತದೆಂದು ನಂಬಿದವರು. ನನ್ನಮ್ಮನೂ ಹೀಗೇ ಮಾಡುತ್ತಿದ್ದಳು. ಕಾಳು ಚೆಲ್ಲುವುದೆಂದರೆ ಅವರಿಗೆ ಪಾಪ. ಬೂಷ್ಟು ಹಾರಿಹೋದರೂ ಅದು ಬಿಟ್ಟುಹೋದ ವಿಷ ಕಾಳಿನೊಳಗೇ ಇರುತ್ತದೆಂದು ಅವರಿಗೆ ಹೇಳಿದವರು ಯಾರು?

"ಎಲ್ಲಿಂದ ಬಂತು ಇದು?"

"ಇಗೋ, ಮೂಟೇಲಿ." ಬಾಗಿಲ ಹಿಂದೆ ಬಿಳಿ ಪ್ಲಾಸ್ಟಿಕ್ ಮೂಟೆ ಗೋಡೆಗೆ ಒರಗಿತ್ತು. ಅದರ ಮೇಲಿನ ಹೆಸರನ್ನು ಯಾರೋ ಕಪ್ಪು ಬಣ್ಣ ಬಳಿದು ಮುಚ್ಚಿದ್ದರು. "ನಮ್ಮ ಬೈರೇಶ ಸೋಂಪುರದ ನಾಯಿ ಊಟದ ಫ್ಯಾಕ್ಟ್ರೀಲಿ ಟೆಂಪೋ ಓಡುಸ್ತಾನೆ. ಮಳೇಲಿ ನೆಂದಿದ್ದನ್ನ ಎಲ್ಲಾದ್ರೂ ಸಾಗ್ಹಾಕು ಅಂತ ಅಲ್ಲಿ ಮೇಡಂ ಒಬ್ರು ಹೇಳುದ್ರಂತೆ. ಗುಂಡಿಗೆ ಸುರಿಯೋ ಬದ್ಲು ನಿನ್ನ ನಾಯಿಗಳಾದ್ರೂ ತಿನ್ನಲಿ ದೊಡ್ಡಮ್ಮ ಅಂತ ಇಲ್ಲಿ ಇಳುಸ್ಬುಟ್ಟು ಹೋದ. ಪುಣ್ಯಾತ್ಮ."

"ಯಾವಾಗಿನಿಂದ ಇದನ್ನ ಬೇಯಿಸಿ ಹಾಕ್ತಿದ್ದೀರಿ?"

"ದೀಪಾವಳಿ ಆದ್ಮ್ಯಾಕೆ. ಮೊದ್ಲು ನಾನು ಕೂಲಿ ಮಾಡಿದ್ರಲ್ಲಿ ಅಷ್ಟೋ ಇಷ್ಟೋ ಹಾಕ್ತಿದ್ದೆ, ಅವಕ್ಕೆ ಅರೆಹೊಟ್ಟೆ. ಇದು ಬಂದ್ಮೇಲೆ ಹೊಟ್ಟೆ ತುಂಬ ಉಂಡ್ವು. ಉಂಡು ಸುಖಪಡೋ ಹೊತ್ಗೆ ಯಾವ ಪಾಪಿ ಕಣ್ಣು ಬಿತ್ತೋ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುಂಡ ಮೊದ್ಲು ಹೋದ. ಆಮೇಲೆ ಕೆಂಚ. ರಾಣಿ, ಸಣ್ಣಿ. ಮುದುಕಪ್ಪ ನನ್ನ ತೊಡೆ ಮ್ಯಾಲೇ ಹೋದ. ಎಲ್ರುನೂ ನಾನೇ ಮಣ್ಣು ಮಾಡ್ದೆ, ಅರಿಶಿನ ಕುಂಕುಮ ಇಟ್ಟು. ನೀನು ಪತ್ತೆ ಮಾಡೋಳಂತಲ್ಲ. ಯಾರು ಮಾಡುದ್ರು ಅಂತ ನಂಗೆ ಹೇಳವ್ವ. ಅವ್ರ ಮುಖ ನೋಡ್ಬೇಕು ನಾನು."

ಹೇಳದೆ ಎದ್ದು ಹೋಗಬಹುದಿತ್ತು. ಕಳ್ಳರನ್ನು, ಎರಡನೇ ಸಂಸಾರ ಮುಚ್ಚಿಟ್ಟ ಗಂಡುಗಳನ್ನು ನೇರ ಮುಖಕ್ಕೆ ಕೇಳಿದವಳು ನಾನು. ಈ ಹೆಂಗಸಿನ ಮುಖಕ್ಕೆ ಇದನ್ನು ಹೇಳುವುದು ಅದಕ್ಕಿಂತ ಕಷ್ಟ. ಆದರೆ ಒಳಗೆ ಒಲೆಯ ಮೇಲೆ ಪಾತ್ರೆ ಕುದಿಯುವ ಸದ್ದು ಕೇಳುತ್ತಿತ್ತು. ನಾನು ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಗೌರಿಯ ತಟ್ಟೆಗೂ ಅದೇ ಬೀಳುತ್ತಿತ್ತು.

"ಯಾರೂ ಮಾಡಿಲ್ಲಮ್ಮ," ಎಂದೆ. "ಈ ನುಚ್ಚಿನಿಂದ ಆಗಿದ್ದು."

ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಬೂಷ್ಟಿನ ವಿಷ, ಅದು ಕಣ್ಣಿಗೆ ಕಾಣದ್ದು, ದಿನದಿನವೂ ಒಳಗೆ ಸೇರಿ ಲಿವರ್ ಕೆಡಿಸುವುದು. ಅವಳು ಕೈಯಾಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ತೊಳ್ದಿದ್ದೀನಲ್ಲವ್ವ. ಮೂರು ನೀರು."

"ತೊಳೆದ್ರೆ ಹೋಗಲ್ವಂತೆ ಅಮ್ಮ."

"ಬೇಯಿಸಿದ್ರೂ?"

"ಬೇಯಿಸಿದ್ರೂ ಹೋಗಲ್ಲ."

"ಇಂಥಾ ಬಿಸ್ಲು," ಎಂದು ಅವಳು ಆಕಾಶದ ಕಡೆ ನೋಡಿದಳು. "ಬಿಸ್ಲಿಗೂ ಹೋಗಲ್ವಾ?"

ಇಲ್ಲವೆಂದು ತಲೆಯಾಡಿಸಿದೆ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ತೋಚುತ್ತಿತ್ತು. ಬೊಗಸೆಯಲ್ಲಿದ್ದ ನುಚ್ಚನ್ನು ಮತ್ತೊಮ್ಮೆ ಮೂಸಿ ನೋಡಿ, ಮೆಲ್ಲಗೆ ಸೀರೆಯ ಮೇಲೆ ಬಿಟ್ಟಳು.

"ಅವು ಸೊರಗಿದ್ವಲ್ಲ," ಎಂದಳು. "ಮೈ ಕೈ ತುಂಬ್ಕೊಳ್ಳಲಿ ಅಂತ ಇನ್ನೊಂದು ಸೌಟು ಜಾಸ್ತಿ ಹಾಕ್ತಿದ್ದೆ ನಾನು. ಮುದುಕಪ್ಪ ಒಲ್ಲೆ ಅಂದ. ಬಾಯಿ ಬಿಡ್ಸಿ ತಿನ್ಸಿದ್ದೀನಿ ಕಣವ್ವ. ಈ ಬೆರಳಲ್ಲಿ."

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಜಗತ್ತಿನಲ್ಲಿ ತನ್ನವು ಎನ್ನುವ ಆರು ಜೀವ ಇವಳಿಗಿದ್ದವು. ಐದು ಹೋಗಿದ್ದವು, ಅವುಗಳ ಜೊತೆಗೆ ಈಗ ನಾನು ಇವಳ ಕೈಯನ್ನೂ ಇವಳಿಗೆ ಬೇಡವಾಗಿಸಿದ್ದೆ.

ಆಗ ಫೋನ್ ಬಂತು. ಶಶಿರೇಖಾ.

"ಸಂಘಮಿತ್ರ ಅವ್ರೇ, ನೀವು ಅವಳ ಮನೇಲಿದ್ದೀರಂತೆ. ಒಳ್ಳೇದಾಯ್ತು. ಎಎಸ್‌ಐ ಆವಲಪ್ಪ ಅವರು ಹೊರಟಿದ್ದಾರೆ. ಅವರು ಬರೋ ತನಕ ಆ ಮೂಟೆ ಅಲ್ಲಿಂದ ಕದಲದ ಹಾಗೆ ನೋಡ್ಕೊಳ್ಳಿ. ಆಮೇಲೆ ಅದನ್ನ ನಾನೇ ತಗೊಂಡು ಟೆಸ್ಟಿಗೆ ಕಳಿಸ್ತೀನಿ."

"ಯಾವ ಮೂಟೆ ಮೇಡಂ?" ಎಂದೆ.

ಲೇಔಟಿನವರು ನೋಡಿದ್ದು ಬೆಂದ ನುಚ್ಚು ತುಂಬಿದ ಪಾತ್ರೆಯನ್ನು ಮಾತ್ರ. ಈ ಅಂಗಳಕ್ಕೆ ಅವರಲ್ಲಿ ಯಾರೂ ಕಾಲಿಟ್ಟಿಲ್ಲ. ಬಾಗಿಲ ಹಿಂದಿನ ಮೂಟೆಯನ್ನು ನಾನೇ ನೋಡಿದ್ದು ಈಗ, ಯಾರಿಗೂ ಹೇಳಿರಲಿಲ್ಲ.

"ಅಲ್ಲ, ಅವಳು ಏನೇನೋ ಹಾಕ್ತಾಳಲ್ಲ," ಎಂದರು ಶಶಿರೇಖಾ. "ಮೂಟೆಯೋ ಚೀಲವೋ ಏನೋ ಇದ್ದೇ ಇರುತ್ತೆ ತಾನೇ. ಅದಕ್ಕೆ ಹೇಳಿದೆ."

"ನೀವು ಕೆಲಸ ಮಾಡೋ ಫ್ಯಾಕ್ಟರೀಲಿ ಏನು ತಯಾರಾಗುತ್ತೆ ಮೇಡಂ?"

ಫೋನ್ ಕಟ್ಟಾಯಿತು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಗಂಡು ಎಲ್ಲಿ ಕೆಲಸ ಮಾಡುತ್ತಾನೆ, ಆ ಕಂಪನಿ ಎಂಥದ್ದು, ಎಂದು ಊರೂರು ಸುತ್ತಿ ವಿಚಾರಿಸುವವಳು ನಾನು. ನನ್ನನ್ನು ಕರೆಸಿದವರ ಬಗ್ಗೆ ಮಾತ್ರ ಅದನ್ನು ವಿಚಾರಿಸಿರಲಿಲ್ಲ. ಮೂಟೆ ಸಾಗಹಾಕಲು ಹೇಳಿದ ಮೇಡಂ ಈಕೆಯೇ ಆಗಿದ್ದರೆ, ತನ್ನ ಬ್ರೂನೋ ದಿನಾ ಬೆಳಿಗ್ಗೆ ತಿಂದದ್ದೇನೆಂದು ಆಕೆಗೆ ಯಾವತ್ತು ತಿಳಿಯಿತು? ತಿಳಿದ ಮೇಲೂ ಇನ್ನೊಬ್ಬ ಹೆಂಗಸನ್ನು ಜೈಲಿಗೆ ಕಳಿಸಲು ಹೊರಟರೇ? ಊಹೆಗೆ ಸಾಕ್ಷಿ ಬೇಕು. ಮೂಟೆಯ ಮೇಲಿನ ಕಪ್ಪು ಬಣ್ಣದ ಕೆಳಗೆ ಒಂದು ಹೆಸರಿತ್ತು.

ಮೂಟೆಯ ಫೋಟೋ ತೆಗೆದೆ. ಒಂದು ಹಿಡಿ ನುಚ್ಚನ್ನು ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ಮುನಿರತ್ನಮ್ಮನ ಭುಜ ಹಿಡಿದೆ.

"ಅಮ್ಮ, ಇಲ್ಲಿ ಕೇಳಿ. ಪೊಲೀಸ್ ಬರ್ತಿದ್ದಾರೆ. ಪ್ರಾಣಿಗೆ ವಿಷ ಹಾಕಿ ಕೊಂದ್ರೆ ಐದು ವರ್ಷದ ತನಕ ಜೈಲಿದೆ. ಆದ್ರೆ ಬೇಕಂತ ಮಾಡಿದ್ರೆ ಮಾತ್ರ. ನಿಮಗೆ ಗೊತ್ತಿರ್ಲಿಲ್ಲ. ಅಷ್ಟೇ ಹೇಳಿ. ಉಳಿದಿದ್ದು ನನಗೆ ಬಿಡಿ, ನಾನು ಮಾತಾಡ್ತೀನಿ."

ಅವಳು ಕೇಳಿಸಿಕೊಂಡಳೋ ಇಲ್ಲವೋ. ಎದ್ದು ಒಳಗೆ ಹೋಗಿ ಒಲೆಯ ಬೆಂಕಿಗೆ ನೀರು ಹಾಕಿದಳು. ನಾನೂ ಹಿಂದೆ ಹೋದೆ. ಹೊಗೆ ತುಂಬಿದ ಕೋಣೆಯಲ್ಲಿ ಒಂದು ಚಾಪೆ, ಒಂದು ತಂತಿ, ತಂತಿಯ ಮೇಲೆ ಎರಡು ಸೀರೆ. ಒಲೆಯ ಮೇಲಿನ ದೊಡ್ಡ ಪಾತ್ರೆ ಬಿಟ್ಟರೆ ಅಡುಗೆ ಎನ್ನುವಂಥದ್ದು ಬೇರೆ ಕಾಣಲಿಲ್ಲ.

"ನೀವೇನು ಉಣ್ತೀರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಇದನ್ನೇ." ಅವಳು ಪಾತ್ರೆ ತೋರಿಸಿದಳು. "ಅವಕ್ಕೆ ಹಾಕಿ ಮಿಕ್ಕಿದ್ದಕ್ಕೆ ಉಪ್ಪು, ಮೆಣಸಿನಕಾಯಿ ಕಲ್ಸಿ ಉಣ್ತೀನಿ. ಒಬ್ಬಳಿಗೋಸ್ಕರ ಬೇರೆ ಪಾತ್ರೆ ಇಡ್ತಾರೇನವ್ವ."

ದೀಪಾವಳಿ ಕಳೆದ ಮೇಲಿಂದ ದಿನವೂ, ಅದೇ ಪಾತ್ರೆಯಿಂದ. ತಾನು ಹಾಕಿದ್ದು ವಿಷವೆಂದು ಇವಳಿಗೆ ಗೊತ್ತಿರಲಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೂ ಬೇಡ. ಆ ಸಾಕ್ಷಿ ಇವಳ ಹೊಟ್ಟೆಯೊಳಗೆ ಏನು ಮಾಡುತ್ತಿದೆಯೋ ಎಂದು ನೆನೆದು ಭಯವಾಯಿತು.

"ಈಗಲೇ ಆಸ್ಪತ್ರೆಗೆ ಹೋಗೋಣ," ಎಂದೆ. "ರಕ್ತ ಪರೀಕ್ಷೆ ಮಾಡಿಸ್ಬೇಕು. ನನ್ನ ಸ್ಕೂಟರಲ್ಲೇ ಕೂತ್ಕೊಳ್ಳಿ. ಗೌರೀನ ಮನೋಹರ್ ಡಾಕ್ಟ್ರ ಹತ್ರ ಬಿಡ್ತೀನಿ."

"ಒಂದೂವರೆ ತಿಂಗ್ಳಿಂದ ಹೊಟ್ಟೆ ಉರಿ," ಎಂದಳು ನಿಧಾನವಾಗಿ. "ಅನ್ನ ಸೇರಲ್ಲ. ವಯಸ್ಸಾಯ್ತಲ್ಲ ಅಂದ್ಕೊಂಡಿದ್ದೆ." ಆಮೇಲೆ ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು. "ಇದನ್ನ ಅವ್ರಿಗೆ ಹೇಳ್ಬೇಡ."

"ಹೇಳಲೇಬೇಕಮ್ಮ. ನಿಮ್ಮನ್ನ ಉಳಿಸೋದೇ ಇದು."

"ಬ್ಯಾಡ. ನನ್ನ ಕೈಯಿಂದ್ಲೇ ಸತ್ವಲ್ಲ, ಶಿಕ್ಷೆ ನಂಗೇ ಆಗ್ಲಿ."

ಬದುವಿನ ಆಚೆ ಜೀಪು ನಿಂತ ಸದ್ದಾಯಿತು. ಆವಲಪ್ಪ ಇಳಿದು ಬಂದರು, ಹಿಂದೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಸ್ಟೇಷನ್ನಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಆವಲಪ್ಪ. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯ.

"ಏನಮ್ಮ ಮಿತ್ರ, ನಮಗಿಂತ ಮುಂಚೆ ಬಂದ್ಬಿಟ್ಟಿದ್ದೀಯ," ಎಂದವರು ಅಂಗಳದ ನುಚ್ಚನ್ನು ಬೂಟಿನ ತುದಿಯಿಂದ ಸರಿಸಿ ನೋಡಿದರು. "ಇದೇ ಏನು?"

"ಸರ್, ಮೊದಲು ನಾನು ಹೇಳೋದು ಕೇಳಿ," ಎಂದೆ. "ಈಯಮ್ಮನ್ನ ಆಸ್ಪತ್ರೆಗೆ..."

ಮುನಿರತ್ನಮ್ಮ ನನ್ನ ಕೈ ಬಿಟ್ಟು ಮುಂದೆ ಹೋದಳು. ಸೆರಗು ಸರಿಮಾಡಿಕೊಂಡು ಆವಲಪ್ಪನ ಎದುರಿಗೆ ನಿಂತಳು. ಮರದ ಕೆಳಗಿನ ಗೌರಿ ತಲೆ ಎತ್ತಿತು.

"ನಾಯಿಗಳಿಗೆ ಇದನ್ನ ಹಾಕಿದ್ದು ನೀನೇ ಏನಮ್ಮ?" ಎಂದರು ಆವಲಪ್ಪ.

"ನಾನೇ ಕಣಪ್ಪ."

"ಇದರಲ್ಲಿ ವಿಷ ಐತೆ ಅಂತ ಗೊತ್ತಿತ್ತಾ ನಿನಗೆ?"

ಇಲ್ಲ ಎನ್ನಿ ಎಂದು ನಾನು ಕೂಗಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಗೊತ್ತಿತ್ತು," ಎಂದಳು ಮುನಿರತ್ನಮ್ಮ. "ಗೊತ್ತಿದ್ದೇ ಹಾಕ್ದೆ. ಕರ್ಕೊಂಡು ಹೋಗು."